ಸೋಲಾರ್ ಬೇಕು ಅಂತೀವಿ, ಪಂಪ್ಡ್ ಸ್ಟೋರೇಜ್ ಬೇಡ ಅಂತೀವಿ. ಚಿಕ್ಕಪ್ಪಂಗೆ ಎಂತ ಉತ್ರ ಕೊಡದು?

ಹಿನ್ನೀರಿನಾಚೆ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಉತ್ರ ಕೊಡಿ.

ನಮ್ಮೂರು ಸಾಗರ ತಾಲ್ಲೂಕು, ಲಿಂಗನಮಕ್ಕಿ ಹಿನ್ನೀರಿನ ಆಚೆ ದಡ. ಹೋದ ವಾರ ಅತ್ತೆ ಮಗಳ ಮದುವೆ ಇತ್ತು, ಊಟ ಆಗಿ ಎಲ್ಲ ಕವಳ ಹಾಕ್ಕೊಂಡು ಚಪ್ಪರದಲ್ಲಿ ಕೂತಿದ್ವಿ, ಮಾತು ಶರಾವತಿ ಪಂಪ್ಡ್ ಸ್ಟೋರೇಜ್ ಕಡೆಗೆ ತಿರುಗ್ತು. ನಾನು ಸಹಜವಾಗಿ ಈ ಯೋಜನೆ ನಮ್ಮ ಕಣಿವೆಗೆ ಬೇಡ್ವೇ ಬೇಡ ಅಂದೆ. ನಮ್ಮ ಚಿಕ್ಕಪ್ಪ ಬೆಂಗಳೂರಲ್ಲಿರೋದು, ತಿಳ್ಕೊಂಡೋರು, ಜೋರು ದನಿ ಮಾಡೋರಲ್ಲ. ಅವ್ರು ಮೆಲ್ಲಗೆ ಕೇಳಿದ್ರು. "ನೀನೇ ಹೇಳ್ತೀಯ ಕಲ್ಲಿದ್ದಲು ಸುಟ್ಟು ಭೂಮಿ ಹಾಳಾಯ್ತು ಅಂತ, ಕೈಗಾ ಅಣು ಸ್ಥಾವರ ಕಂಡ್ರೆ ನಿಂಗೆ ಭಯ, ಸೋಲಾರ್ ಆಗ್ಬೇಕು ಅಂತೀಯ. ಸೋಲಾರ್ ಸಂಜೆ ಆರಕ್ಕೆ ಮಲಗುತ್ತೆ. ಹಗಲಲ್ಲಿ ಹೆಚ್ಚಾದ ಕರೆಂಟಲ್ಲಿ ಗೇರುಸೊಪ್ಪದ ನೀರನ್ನ ತಳಕಳಲೆಗೆ ಏರಿಸಿ ಇಟ್ಕೊಂಡು ರಾತ್ರಿ ಬಿಟ್ರೆ 2000 ಮೆಗಾವ್ಯಾಟ್ ಸಿಗುತ್ತೆ, ಎರಡು ಡ್ಯಾಮೂ ಈಗ್ಲೇ ಇವೆ, ಹೊಸ ಮುಳುಗಡೆ ಇಲ್ಲ. ಅದೂ ಬೇಡ ಅಂದ್ರೆ ನಿಂಗೆ ಬೇಕಾಗಿರೋದು ಎಂತ? ಮತ್ತೆ ಚಿಮಣಿ ಬುಡ್ಡಿಗೆ ಹೋಗದಾ?"

ನಂಗೆ ಉತ್ರ ಬರ್ಲಿಲ್ಲ. ಸುಮ್ನೆ ಎದ್ದು ಬಂದೆ. ಬಂದ ಮೇಲೂ ಅದೇ ತಲೇಲಿ ಕೊರೀತಾ ಇದೆ.

ನಮ್ಮನೆ ಕಥೆ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನಾನ್ಯಾಕೆ ಹಿಂಗೆ ಆಡ್ತೀನಿ ಅಂತ ಗೊತ್ತಾಗಲ್ಲ. ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಲಿಂಗನಮಕ್ಕಿಗೆ ಹೋಯ್ತು. 1964ರಲ್ಲಿ ಡ್ಯಾಂ ಮುಗೀತು, ಆ ಮಳೆಗಾಲದಲ್ಲಿ ನೀರು ದಿನಾ ಒಂದೊಂದು ಮೆಟ್ಟಿಲು ಏರಿ ಬಂತು ಅಂತ ಅಜ್ಜಿ ಹೇಳ್ತಿದ್ರು, ದೇವರ ಪೆಟ್ಟಿಗೆ ಹೊತ್ಕೊಂಡು ಗುಡ್ಡ ಹತ್ತಿದಾರಂತೆ. ಈಗಿರೋ ಜಾಗಕ್ಕೆ ಇವತ್ತಿಗೂ ಪೂರ್ತಿ ಹಕ್ಕುಪತ್ರ ಇಲ್ಲ, ಅಪ್ಪ ಕಚೇರಿ ಅಲೆದು ಅಲೆದು ಒಂದು ಚೀಲ ಕಾಗದ ಮಾಡಿಟ್ಟಿದಾರೆ. ಇಡೀ ರಾಜ್ಯಕ್ಕೆ ನಮ್ಮ ನೀರಿಂದ ಬೆಳಕಾಯ್ತು, ನಮ್ಮನೆಗೆ ಕರೆಂಟ್ ಬಂದಿದ್ದು ನಾನು ಮೂರನೇ ಕ್ಲಾಸಲ್ಲಿದ್ದಾಗ. ಪೇಟೆಗೆ ಹೋಗ್ಬೇಕು ಅಂದ್ರೆ ಲಾಂಚ್ ಕಾಯ್ಬೇಕಿತ್ತು, ಸಂಜೆ ಲಾಂಚ್ ತಪ್ಪಿದ್ರೆ ಆಚೆ ದಡದಲ್ಲೇ ರಾತ್ರಿ. ಸಿಗಂದೂರು ಸೇತುವೆ ಆಗಿದ್ದು 2025ರ ಜುಲೈಲಿ. 2.44 ಕಿಲೋಮೀಟರ್ ಸೇತುವೆಗೆ 61 ವರ್ಷ ಕಾದಿದೀವಿ.

ನೀರು ಇಳಿದ ಬೇಸಿಗೆಲಿ ಮುಳುಗಿರೋ ಹಳೇ ಡ್ಯಾಂ, ಮಡೆನೂರಿನ ಹಿರೇಭಾಸ್ಕರ, ಮೇಲೆ ಕಾಣುತ್ತೆ, ಅಪ್ಪ ನನ್ನ ಕರ್ಕೊಂಡು ಹೋಗಿ ಇಲ್ಲಿ ರಸ್ತೆ ಇತ್ತು, ಇಲ್ಲಿ ನಮ್ಮ ತೋಟದ ಕೆರೆ ಇತ್ತು ಅಂತ ತೋರಿಸ್ತಾರೆ. ಒಣಗಿದ ಕೆಸರಲ್ಲಿ ಮರದ ಬುಡಗಳು ಇನ್ನೂ ಹಂಗೇ ನಿಂತಿವೆ.

ಹಂಗಂತ ಭೂಮಿ ಬಿಸಿ ಆಗ್ತಾ ಇರೋದು ಸುಳ್ಳಾ? ಅದೂ ಕಣ್ಣೆದುರಿಗೇ ಇದೆ. ನವೆಂಬರಲ್ಲಿ ಅಡಿಕೆ ಬೇಯ್ಸಿ ಅಂಗಳಕ್ಕೆ ಹಾಕಿದ್ರೆ ಮಳೆ, ಬೂಸ್ಲು ಹಿಡೀತು. ಎಲೆಚುಕ್ಕಿ ರೋಗ ಬಂದು ಪಕ್ಕದ ತೋಟ ಅರ್ಧ ಹೋಗಿದೆ. 2023ರಲ್ಲಿ ಮಳೆನೇ ಇಲ್ಲ, ಲಿಂಗನಮಕ್ಕಿ ತುಂಬ್ಲಿಲ್ಲ.

ನನ್ನ ಪ್ರಶ್ನೆ ಎರಡು. ಚಿಕ್ಕಪ್ಪ ಹೇಳಿದ್ರಲ್ಲಿ ತಪ್ಪು ಇದೆಯಾ, ಇದ್ರೆ ಎಲ್ಲಿ? ಇನ್ನೊಂದು, ನಮ್ಮನೆ ಮಟ್ಟಿಗೆ ನಾನು ಎಂತ ಮಾಡ್ಬಹುದು? ಹಳೇ ಗೊಬ್ಬರ ಗ್ಯಾಸ್ ಗುಂಡಿ ಇದೆ, ಹತ್ತು ವರ್ಷದಿಂದ ಉಪಯೋಗ ಇಲ್ಲ. ಮನೆ ಮೇಲ್ಗಡೆ ಒಂದು ಹಳ್ಳ ಇದೆ. ಸೋಲಾರಿಗೆ ಸಬ್ಸಿಡಿ ಇದೆಯಂತೆ.

---

ಗಾಜನೂರು ರಿಟೈರ್ಡ್

ತಮ್ಮ, ನಾನು 30 ವರ್ಷಕ್ಕಿಂತ ಹೆಚ್ಚು ಪವರ್‌ಹೌಸಲ್ಲಿ ಕೆಲ್ಸ ಮಾಡಿ ನಿವೃತ್ತಿ ಆದೋನು. ನಿಮ್ಮ ಪ್ರಶ್ನೆ ಓದಿ ಬೆಳಗಿನ ಕಾಫಿ ಆರಿ ಹೋಯ್ತು. ನಿಮ್ಮ ಅಜ್ಜಿ ಗುಡ್ಡ ಹತ್ತಿದ ನೀರಲ್ಲೇ ನಾನು ಮಕ್ಕಳನ್ನ ಓದಿಸಿದ್ದು, ಅದನ್ನ ಮೊದ್ಲು ಹೇಳ್ತೀನಿ.

ಚಿಕ್ಕಪ್ಪ ಹೇಳಿದ ಲೆಕ್ಕ ತಪ್ಪಲ್ಲ. ಹಗಲು ಸೋಲಾರ್ ತುಂಬಿ ಬರುತ್ತೆ, ಸಂಜೆ ಆರಕ್ಕೆ ಅದು ಬೀಳೋದೂ ಮನೆಮನೇಲಿ ಲೈಟು, ಮಿಕ್ಸಿ, ಫ್ಯಾನು ಏರೋದೂ ಒಂದೇ ಹೊತ್ತು. ಕಲ್ಲಿದ್ದಲಿನ ಬಾಯ್ಲರ್ ತಣ್ಣಗಾಗಿದ್ರೆ ಮತ್ತೆ ಎಬ್ಬಿಸೋಕೆ ಗಂಟೆಗಟ್ಲೆ ಬೇಕು. ನೀರಿನ ಮಷೀನ್ ಹಂಗಲ್ಲ, ಗೇಟ್ ತೆಗೆದ್ರೆ ನಿಮಿಷಗಳಲ್ಲಿ ಓಡುತ್ತೆ. ಹಂಗಾಗಿ ಸಂಜೆ ಹೊರೆ ಹೊರೋದು ಯಾವಾಗ್ಲೂ ಶರಾವತಿನೇ. 103.5 ಮೆಗಾವ್ಯಾಟಿನ ಹತ್ತು ಮಷೀನು, ಒಟ್ಟು 1035. ಯಾವಾಗ ಎಷ್ಟು ಕರೆಂಟ್ ಬೇಕು ಅಂತ ಹೇಳೋ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಫೋನ್ ಬಂದ್ರೆ ನಾವು ಊಟ ಬಿಟ್ಟು ಓಡ್ತಿದ್ವಿ.

ತಪ್ಪು ಎಲ್ಲಿದೆ ಅಂದ್ರೆ, "ಎರಡು ಡ್ಯಾಂ ಈಗ್ಲೇ ಇವೆ, ಹೊಸ ಮುಳುಗಡೆ ಇಲ್ಲ" ಅನ್ನೋ ಮಾತಲ್ಲಿ. ನೀರು ಮುಳುಗಿಸೋದೊಂದೇ ಹಾನಿ ಅನ್ನೋ ಹಂಗೆ ಕೇಳ್ಸುತ್ತೆ ಅದು. ಈ ಯೋಜನೆ ಪವರ್‌ಹೌಸ್ ನೆಲದೊಳಗೆ ಬರೋದು. ಅಂಥದ್ದು ನಮಗೆ ಹೊಸದಲ್ಲ, ಹೊಸಂಗಡಿಯ ವಾರಾಹಿ ಪವರ್‌ಹೌಸ್ 460 ಮೆಗಾವ್ಯಾಟ್, ಪೂರ್ತಿ ಗುಡ್ಡದ ಹೊಟ್ಟೇಲಿದೆ. ಸುರಂಗ ಕೊರೆದ್ರೆ ಕಲ್ಲು ಮಣ್ಣು ಹೊರಗೆ ಬರುತ್ತೆ, ಅದನ್ನ ಸುರಿಯೋಕೆ ಜಾಗ ಬೇಕು, ಲಾರಿ ಓಡಾಡೋಕೆ ರಸ್ತೆ ಬೇಕು, ಕಾಡಿನ ಮಧ್ಯ ವರ್ಷಗಟ್ಲೆ ಸಿಡಿಮದ್ದು ಹೊಡೀಬೇಕು. ಇದೆಲ್ಲ ಮಳೆ ಬಿದ್ರೆ ಜಾರೋ ಘಟ್ಟದಲ್ಲಿ. ಇನ್ನೊಂದು, ಪಂಪ್ಡ್ ಸ್ಟೋರೇಜ್ ಕರೆಂಟ್ ಹುಟ್ಟಿಸಲ್ಲ, ಇಟ್ಟುಕೊಡುತ್ತೆ ಅಷ್ಟೇ. 100 ಯೂನಿಟ್ ಹಾಕಿ ನೀರೇರಿಸಿದ್ರೆ 75 ರಿಂದ 80 ವಾಪಸ್ ಸಿಗುತ್ತೆ.

ಹಂಗಾದ್ರೆ ಬೇರೆ ದಾರಿ? ಇದೆ. ಲಿಂಗನಮಕ್ಕಿ ತಾನೇ ಒಂದು ದೊಡ್ಡ ಬ್ಯಾಟರಿ. ಹಗಲು ಸೋಲಾರ್ ಧಾರಾಳ ಇದ್ದಾಗ ಮಷೀನ್ ನಿಲ್ಸಿ ನೀರು ಉಳಿಸ್ಕೊಂಡು ಸಂಜೆ ಪೂರ್ತಿ ಬಿಟ್ರೆ ನೀರೇರಿಸೋ ಪ್ರಶ್ನೆನೇ ಬರಲ್ಲ. ರೈತರ ಪಂಪ್‌ಸೆಟ್ ಫೀಡರಿಗೆ ಹಗಲಲ್ಲೇ ಸೋಲಾರ್ ಕೊಡೋ ಕುಸುಮ್ ಯೋಜನೆ ಇದೆ, ಅದು ಗಟ್ಟಿಯಾಗಿ ನಡೆದ್ರೆ ರಾತ್ರಿ ಹೊರೆ ಇಳಿಯುತ್ತೆ, ರೈತರು ರಾತ್ರಿ ಹಾವು ತುಳಿಯೋದೂ ತಪ್ಪುತ್ತೆ. ಲಿಥಿಯಂ ಬ್ಯಾಟರಿ ರೇಟು 2010ರಲ್ಲಿದ್ದದ್ದು ಈಗ ಹತ್ತನೇ ಒಂದು ಭಾಗದ ಹತ್ರ ಇಳಿದಿದೆ. ನೀರೇರಿಸಲೇಬೇಕು ಅಂತಾದ್ರೂ ನದಿ ಮುಟ್ಟದೆ ಬಯಲು ಗುಡ್ಡದಲ್ಲಿ ಎರಡು ಕೆರೆ ಕಟ್ಟಿ ಮಾಡ್ಬಹುದು, ಆಂಧ್ರದ ಪಿನ್ನಾಪುರಂನಲ್ಲಿ 1680 ಮೆಗಾವ್ಯಾಟ್ ಹಂಗೇ ಮಾಡಿದಾರೆ.

ಆದ್ರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳ್ತೀನಿ, 2023ರಂಥ ವರ್ಷ ಬಂದ್ರೆ ಲಿಂಗನಮಕ್ಕಿ ಬ್ಯಾಟರಿನೂ ಖಾಲಿ. ಏರಿಸಿ ಇಳಿಸೋ ನೀರು ಅದೇ ನೀರು, ಅದಕ್ಕೆ ಬರದ ಭಯ ಕಡಿಮೆ. ಚಿಕ್ಕಪ್ಪ ಇದನ್ನ ಕೇಳಿದ್ರೆ ಅವರ ಮಾತಲ್ಲಿ ತೂಕ ಇದೆ ಅಂತ ಒಪ್ಕೊಳ್ಳಿ. ನನ್ನ ತಕರಾರು ಜಾಗದ ಬಗ್ಗೆ.

---

ಕಾನು ಕಾವಲು

ರಿಟೈರ್ಡ್ ಸರ್ ಬರೆದಿದ್ದಕ್ಕೆ ಸೇರಿಸ್ತೀನಿ. ಆ ಕಣಿವೆ ಸಿಂಗಳೀಕದ ಮನೆ. 2019ರಲ್ಲಿ ಅಭಯಾರಣ್ಯಕ್ಕೆ ಅದರ ಹೆಸ್ರೇ ಇಟ್ರು, ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಅಂತ. ಸಿಂಗಳೀಕ ನೆಲಕ್ಕೆ ಇಳಿಯೋದು ಬಾಳ ಅಪರೂಪ, ಮರದಿಂದ ಮರಕ್ಕೆ ಕೊಂಬೆ ಹಿಡ್ಕೊಂಡೇ ಬದುಕೋದು. ಕಾಡಲ್ಲಿ ಎಷ್ಟು ಎಕರೆ ಹೋಯ್ತು ಅಂತ ಕಾಗದದಲ್ಲಿ ಲೆಕ್ಕ ಹಾಕ್ತಾರೆ, ಅದು ಸಣ್ಣ ನಂಬರೇ ಇರ್ಬಹುದು. ಆದ್ರೆ ಆ ಸಣ್ಣ ನಂಬರ್ ಒಂದು ಉದ್ದ ರಸ್ತೆಯಾಗಿ ಕಾಡಿನ ನೆತ್ತಿ ಸೀಳಿದ್ರೆ ಆಚೆ ಗುಂಪು ಆಚೆ, ಈಚೆ ಗುಂಪು ಈಚೆ. ನಾನು ಆ ಕಾಡಲ್ಲಿ ಓಡಾಡಿದೀನಿ, ಮರಿ ಹೊಟ್ಟೆಗೆ ಕಟ್ಕೊಂಡು ತಾಯಿ ಹಾರೋದು ನೋಡಿದೀನಿ. ಇಷ್ಟೇ ಹೇಳೋಕಿದ್ದದ್ದು.

---

ಪಾವಗಡದೋನು ಶಿಮೊಗ್ಗದಲ್ಲಿ

ನಾನು ಮಲೆನಾಡಿನೋನಲ್ಲ, ಕೆಲ್ಸಕ್ಕೆ ಅಂತ ಶಿವಮೊಗ್ಗಕ್ಕೆ ಬಂದು ಎಂಟು ವರ್ಷ ಆಯ್ತು. ನಿಮ್ಮ ಪ್ರಶ್ನೇಲಿ ನಮ್ಮೂರೂ ಇದೆ ಅದಕ್ಕೆ ಬರೀತಿದೀನಿ, ಯಾಕಂದ್ರೆ ನೀವು ಹಗಲಲ್ಲಿ ಹೆಚ್ಚಾಗೋ ಸೋಲಾರ್ ಅಂತ ಹೇಳ್ತಿರೋದ್ರಲ್ಲಿ ದೊಡ್ಡ ಪಾಲು ನಮ್ಮ ಪಾವಗಡದ್ದು. ಸುಮಾರು 13,000 ಎಕರೆ, 2050 ಮೆಗಾವ್ಯಾಟ್. 2018ರಲ್ಲಿ ಶುರುವಾದಾಗ ನಮ್ಮ ಮಾವನ ಹೊಲನೂ ಹೋಯ್ತು.

ಹೋಯ್ತು ಅಂದ್ರೆ ಮಾರಲಿಲ್ಲ, ಬಾಡಿಗೆಗೆ ಕೊಟ್ರು. ಇದನ್ನ ನೀವೆಲ್ಲ ಗಮನಿಸ್ಬೇಕು ಅಂತ ನನ್ನ ವಿನಂತಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಹೊಲ ಹೆಸರಲ್ಲಿ ಉಳೀತು. ಮಳೆ ಬಾರದೆ ಕಡಲೆಕಾಯಿ ಒಣಗೋ ಊರಲ್ಲಿ ಅದು ದೊಡ್ಡ ದುಡ್ಡು, ಮಾವ ಸಾಲ ತೀರಿಸಿದ್ರು. ಆದ್ರೆ ಹೊಲ ಇಲ್ದೋರಿಗೆ ಏನೂ ಸಿಗ್ಲಿಲ್ಲ. ಕಳೆ ಕೀಳೋಕೆ ಹೋಗ್ತಿದ್ದ ಹೆಂಗಸರಿಗೆ ಕೂಲಿ ಹೋಯ್ತು, ಕುರಿಯೋರಿಗೆ ಮೇವಿನ ಬಯಲು ಹೋಯ್ತು, ಬೇಲಿ ಒಳಗೆ ಪ್ಯಾನೆಲ್ ಸಾಲು ಕಣ್ಣು ಹಾಯೋಷ್ಟು ದೂರ.

ನಿಮ್ಮ ಅಜ್ಜಂಗೆ ಯಾರಾದ್ರೂ ಬಾಡಿಗೆ ಕೊಡ್ತೀನಿ ಅಂದಿದ್ರಾ? 1964ರಿಂದ ಇವತ್ತಿನವರೆಗೆ ಅವರ ಜಮೀನಿನ ಮೇಲೆ ನಿಂತ ನೀರು ಎಷ್ಟು ಯೂನಿಟ್ ಆಗಿ ಇಳಿದಿರ್ಬಹುದು, ಯೂನಿಟ್ಟಿಗೆ ಒಂದು ಪೈಸೆ ಕೊಟ್ಟಿದ್ರೂ ಮುಳುಗಡೆ ಆದ ಪ್ರತಿ ಮನೆಗೂ ಒಂದು ಆಧಾರ ಆಗ್ತಿತ್ತು. ಗಣಿಗೆ ರಾಜಧನ ಅಂತ ಇದೆ, ನೀರಿಗೆ, ಬಿಸಿಲಿಗೆ ಜಾಗ ಬಿಟ್ಟೋರಿಗೆ ಯಾಕಿಲ್ಲ? ಚಿಕ್ಕಪ್ಪಂಗೆ ಇದನ್ನ ಕೇಳಿ. ಹೊಸ ಯೋಜನೆ ಮಾತಾಡೋ ಮೊದ್ಲು ಹಳೇ ಹಕ್ಕುಪತ್ರ ಕೊಡ್ಸಿ, ಆಮೇಲೆ ಕೂತು ಮಾತಾಡೋಣ ಅನ್ನಿ. ಅದು ಅಭಿವೃದ್ಧಿಗೆ ಅಡ್ಡ ಬಂದ ಹಂಗಲ್ಲ, ಬಾಕಿ ಕೇಳಿದ ಹಂಗೆ.

---

ಫಿಸಿಕ್ಸ್ ಮೇಷ್ಟ್ರು ಭದ್ರಾವತಿ

ಒಳ್ಳೇ ಚರ್ಚೆ. ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡೋನು, ಸ್ವಲ್ಪ ಲೆಕ್ಕ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ.

ಗಟ್ಟಿ ಆಳು ಒಬ್ಬ ಎಂಟು ಗಂಟೆ ಬೆವರು ಸುರ್ಸಿ ಅಗೆದ್ರೆ ಅವನ ಮೈಯಿಂದ ಹೊರಬರೋ ಕೆಲ್ಸ ಎಷ್ಟು ಗೊತ್ತಾ? ಸುಮಾರು 75 ವ್ಯಾಟ್ ಅಂತ ಹಿಡಿದ್ರೆ 0.6 ಯೂನಿಟ್. ಒಂದು ಯೂನಿಟ್ ಕೂಡ ಇಲ್ಲ! ಗೃಹಜ್ಯೋತೀಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಇಲ್ಲ ಅಂತಾರಲ್ಲ, ಪೂರ್ತಿ 200 ಬಳಸೋ ಮನೇಲಿ ಕಣ್ಣಿಗೆ ಕಾಣದ 11 ಆಳು ರಜೆ ಇಲ್ದೆ ದಿನಾ ದುಡೀತಿದಾರೆ ಅಂತ ಅರ್ಥ. ನಮ್ಮಜ್ಜಿ ಬೀಸೋ ಕಲ್ಲು, ಒರಳು, ಬಾವಿ ರಾಟೆ ಇವುಗಳ ಮಧ್ಯಾನೇ ಬದುಕು ತೆಗೆದ್ರು. ಅವರ ರಟ್ಟೆಗೆ ಬಿಡುವು ಕೊಟ್ಟಿದ್ದು ಕರೆಂಟು. ಹಾಗಾಗಿ ಹಿಂದಿನ ಕಾಲ ಚೆನ್ನಾಗಿತ್ತು, ಅಲ್ಲಿಗೇ ಹೋಗೋಣ ಅನ್ನೋ ಮಾತನ್ನ ನಾನು ಒಪ್ಪಲ್ಲ, ಆ ಮಾತು ಹೆಂಗಸರು ಹೇಳಿದ್ದು ನಾನು ಕೇಳಿಲ್ಲ.

ಈಗ ಅದೇ ಯೂನಿಟ್ಟನ್ನ ನೀರಿನ ಕಡೆಯಿಂದ ನೋಡಿ. ಶರಾವತಿ ಪವರ್‌ಹೌಸಿಗೆ ನೀರು ಸುಮಾರು 440 ಮೀಟರ್ ಎತ್ತರದಿಂದ ಬೀಳುತ್ತೆ. ಅಷ್ಟೆತ್ತರದಿಂದ ಬಿದ್ರೂ ಒಂದು ಯೂನಿಟ್ಟಿಗೆ 900 ರಿಂದ 1000 ಲೀಟರ್ ನೀರು ಬೇಕು. 200 ಯೂನಿಟ್ಟಿಗೆ ಹತ್ರ ಹತ್ರ 2 ಲಕ್ಷ ಲೀಟರ್, ಅಂದ್ರೆ 5000 ಲೀಟರಿನ 40 ಟ್ಯಾಂಕರ್. ಒಂದು ಮನೆಗೆ, ಒಂದು ತಿಂಗಳಿಗೆ. ಇದನ್ನ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆದಾಗ ಮಕ್ಕಳು ಸುಮ್ಮನಾಗ್ಬಿಡ್ತಾರೆ.

ನಮ್ಮ ಭದ್ರಾವತಿ ಇದಕ್ಕೆಲ್ಲ ಸಾಕ್ಷಿ. ಇಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಇಳಿಸೋಕೆ ಶುರು ಮಾಡಿದ್ದು ಕಲ್ಲಿದ್ದಲಿಂದ ಅಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿಂದ. ಕಾಡಿಂದ ಟ್ರಾಮಲ್ಲಿ ಮರ ತರ್ತಿದ್ರು. ಆಮೇಲೆ ಜೋಗದ ಪವರ್‌ಹೌಸ್ 1948ರಲ್ಲಿ ಶುರುವಾಯ್ತು, 1950ರ ದಶಕದಲ್ಲಿ ಇಲ್ಲಿಗೆ ಕರೆಂಟಿನ ಕುಲುಮೆ ಬಂತು. ಕಾಡು ಉಳೀತು ಅಂತ ಆಗ ಜನ ನಿಟ್ಟುಸಿರು ಬಿಟ್ಟಿರ್ಬಹುದು, ಹತ್ತು ಹದಿನೈದು ವರ್ಷಕ್ಕೆ ಅದೇ ಕರೆಂಟಿನ ಹಸಿವಿಗೆ ಲಿಂಗನಮಕ್ಕಿ ಕಟ್ಟಿ ಕಣಿವೆನೇ ಮುಳುಗಿಸಿದ್ರು. ಒಂದು ಹೊರೆ ಇಳಿಸೋಕೆ ಹೋಗಿ ಇನ್ನೊಬ್ಬರ ತಲೆಗೆ ಹೊರಿಸೋದು, ಇದು ಹಳೇ ಚಾಳಿ.

1964ರಲ್ಲೇ, ಇಲ್ಲಿ ಡ್ಯಾಂ ಮುಗಿದ ವರ್ಷ, ರಷ್ಯಾದ ಖಗೋಳ ವಿಜ್ಞಾನಿ ಕಾರ್ಡಶೇವ್ ಒಂದು ಅಳತೆಗೋಲು ಮಾಡಿದ್ರು. ಒಂದು ನಾಗರಿಕತೆ ಎಷ್ಟು ಶಕ್ತಿ ಬಳಸುತ್ತೆ ಅನ್ನೋದರ ಮೇಲೆ ಅದಕ್ಕೆ ದರ್ಜೆ, ಒಂದು ಗ್ರಹದ ಮಟ್ಟದ ಶಕ್ತಿ ಬಳಸಿದ್ರೆ ದರ್ಜೆ 1. ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಆಮೇಲೆ ಅದನ್ನ ತಿದ್ದಿ ನಾವು ಸುಮಾರು 0.7ರಲ್ಲಿ ಇದೀವಿ ಅಂದ್ರು. ಹುಡುಗ್ರು ಯೂಟ್ಯೂಬಲ್ಲಿ ನೋಡ್ಕೊಂಡು ಬಂದು ನಾವು ಯಾವಾಗ 1 ಆಗ್ತೀವಿ ಸಾರ್ ಅಂತ ಕೇಳ್ತಾರೆ. ನಂಗೆ ಆ ಕೋಲು ಇಷ್ಟ ಇಲ್ಲ. ಎಷ್ಟು ಉಂಡ ಅಂತ ಅಳೆಯುತ್ತೆ, ಯಾರ ತಟ್ಟೆಯಿಂದ ಉಂಡ ಅಂತ ಅಳೆಯಲ್ಲ.

ಆದ್ರೆ ಆ ಲೆಕ್ಕದಲ್ಲಿ ಒಂದು ಸಮಾಧಾನ ಇದೆ. ಭೂಮಿಗೆ ಬರೋ ಬಿಸಿಲು ಸುಮಾರು 1,73,000 ಟೆರಾವ್ಯಾಟ್, ಮನುಷ್ಯರೆಲ್ಲ ಸೇರಿ ಬಳಸೋದು ಸುಮಾರು 20. ಒಂದು ಗಂಟೆ ಬಿಸಿಲು ನಮ್ಮ ಒಂದು ವರ್ಷಕ್ಕೆ ಸಮ. ಹಾಗಾಗಿ ಶಕ್ತಿಗೆ ಬರ ಇಲ್ಲ. ಬರ ಇರೋದು ಜಾಗಕ್ಕೆ, ಇಟ್ಕೊಳ್ಳೋ ಪಾತ್ರೆಗೆ, ಮತ್ತೆ ಕಾಲಕ್ಕೆ. ಗಾಳೀಲಿ ಇಂಗಾಲದ ಡೈಆಕ್ಸೈಡ್ ಕಾರ್ಖಾನೆ ಯುಗಕ್ಕೆ ಮುಂಚೆ ಹತ್ತು ಲಕ್ಷಕ್ಕೆ 280 ಭಾಗ ಇತ್ತು, ಈಗ 420 ದಾಟಿದೆ. ಈ ಅನಿಲ ಶಾಖ ಹಿಡಿದಿಡುತ್ತೆ ಅಂತ ವಿಜ್ಞಾನಿ ಟಿಂಡಾಲ್ ಪ್ರಯೋಗ ಮಾಡಿದ್ದು 1859ರಲ್ಲಿ, ಅಮೆರಿಕದಲ್ಲಿ ಡ್ರೇಕ್ ಎಣ್ಣೆ ಬಾವಿ ತೋಡಿದ್ದೂ 1859ರಲ್ಲೇ. ಗೊತ್ತಿಲ್ಲದೆ ಮಾಡಿದ್ವಿ ಅಂತ ಹೇಳೋ ಹಂಗಿಲ್ಲ.

---

ಹಳ್ಳದ ಮನೆ ತೀರ್ಥಳ್ಳಿ

ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ರ ಕೊಟ್ಟಿಲ್ಲ ನೋಡಿ, ನಾನು ಕೊಡ್ತೀನಿ. ಹಳ್ಳ ಇದೆ ಅಂದ್ರಲ್ಲ, ನಂಗೆ ಅದೇ ಕಣ್ಣಿಗೆ ಬಿದ್ದಿದ್ದು.

ನಮ್ಮನೇಲಿ ಹಳ್ಳದ ಟರ್ಬೈನ್ ಹಾಕಿ ಒಂಬತ್ತು ವರ್ಷ ಆಯ್ತು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದ್ರೆ ಮೂರು ದಿನ, ನಾಲ್ಕು ದಿನ ಇಲ್ಲ, ಮರ ಬಿದ್ದು ಲೈನೇ ಹರಿದು ಹೋಗಿರುತ್ತೆ, ಪಾಪ ಲೈನ್‌ಮನ್‌ಗಳು ಆ ಮಳೇಲಿ ಕಂಬ ಹತ್ತೋದು ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಆಗ ನಮ್ಮನೇಲಿ ಮಾತ್ರ ಲೈಟಿರುತ್ತೆ, ಅಕ್ಕಪಕ್ಕದ ಮಕ್ಕಳು ಓದೋಕೆ ಬರ್ತಾರೆ.

ಮೊದ್ಲು ಅಳತೆ ಮಾಡಿ. ಪೈಪ್ ಇಟ್ಟು ನೀರನ್ನ 20 ಲೀಟರ್ ಬಕೆಟ್ಟಿಗೆ ಬಿಟ್ಟು ಎಷ್ಟು ಸೆಕೆಂಡಲ್ಲಿ ತುಂಬುತ್ತೆ ನೋಡಿ. ಎರಡು ಸೆಕೆಂಡಾದ್ರೆ ಸೆಕೆಂಡಿಗೆ 10 ಲೀಟರ್. ಆಮೇಲೆ ಎತ್ತರ, ಗಾರೆ ಕೆಲ್ಸದೋರ ಹತ್ರ ಲೆವೆಲ್ ಪೈಪ್ ಇರುತ್ತಲ್ಲ, ಅದ್ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಳೀರಿ. ಲೀಟರನ್ನ ಮೀಟರಿಂದ ಗುಣಿಸಿ 9.8ರಿಂದ ಗುಣಿಸಿ ಅರ್ಧ ಮಾಡಿ, ಅಷ್ಟು ವ್ಯಾಟ್. ನಮ್ದು 10 ಲೀಟರ್, 20 ಮೀಟರ್, ಸುಮಾರು ಒಂದು ಕಿಲೋವ್ಯಾಟ್ ಬರುತ್ತೆ. ಒಂದು ಕಿಲೋವ್ಯಾಟ್ ಸೋಲಾರ್ ಚೆನ್ನಾಗಿ ಬಿಸಿಲಿದ್ರೆ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತೆ, ಹಳ್ಳ ರಾತ್ರಿ ಹಗಲು ಹರಿಯೋದ್ರಿಂದ ಅದೇ ಒಂದು ಕಿಲೋವ್ಯಾಟು 24 ಯೂನಿಟ್ ಕೊಡುತ್ತೆ. ಡ್ಯಾಂ ಗೀಂ ಬೇಡ, ಎರಡು ಕಲ್ಲಿನ ಕಟ್ಟ ಸಾಕು, ನೀರು ಚಕ್ರ ತಿರುಗ್ಸಿ ಮತ್ತೆ ಅದೇ ಹಳ್ಳಕ್ಕೆ ಹೋಗುತ್ತೆ. ಆದ್ರೆ ಹಳ್ಳದ ನೀರು ಪೂರ್ತಿ ತಿರುಗಿಸ್ಬೇಡಿ, ಅರ್ಧ ಹಳ್ಳದಲ್ಲೇ ಬಿಡಿ, ಮೀನು, ಏಡಿ, ಕೆಳಗಿನ ತೋಟದೋರು ಎಲ್ರಿಗೂ ಬೇಕು ಅದು.

ನಮ್ದು ಜೂನಿಂದ ಜನವರಿವರೆಗೆ ಓಡುತ್ತೆ. ಆಮೇಲೆ ನೀರು ಸಣ್ಣ ಆಗುತ್ತೆ, ಅಷ್ಟೊತ್ತಿಗೆ ಬಿಸಿಲು ಶುರು, ಸೋಲಾರ್ ಕೈ ಹಿಡಿಯುತ್ತೆ. ಜುಲೈಲಿ ನಮ್ಮ ಸೋಲಾರ್ ದಿನಕ್ಕೆ ಒಂದು ಯೂನಿಟ್ ಕೊಟ್ರೆ ಹೆಚ್ಚು. ಮಲೆನಾಡಿಗೆ ಬರೀ ಸೋಲಾರ್ ಅಂತ ಹೊರಟೋರು ಮಳೆಗಾಲದಲ್ಲಿ ಬಯ್ಕೋತಾರೆ.

ಸಬ್ಸಿಡಿ ಬಗ್ಗೆ. ಸೂರ್ಯಘರ್ ಯೋಜನೇಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರಕ್ಕೆ ಅಥವಾ ಅದಕ್ಕಿಂತ ಹೆಚ್ಚಿಗೆ 78,000. ಒಂದು ವಿಷ್ಯ ನಮಗೆ ಯಾರೂ ಮೊದ್ಲೇ ಹೇಳಿರ್ಲಿಲ್ಲ, ಗ್ರಿಡ್ಡಿಗೆ ಸೇರಿಸಿದ ಸೋಲಾರ್ ಮಾತ್ರ ಹಾಕಿದ್ರೆ ಲೈನಲ್ಲಿ ಕರೆಂಟ್ ಹೋದಾಗ ಅದೂ ಆಫ್ ಆಗುತ್ತೆ. ಲೈನ್ ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರ್ದು ಅಂತ. ನಡುಹಗಲಲ್ಲಿ ತಲೆ ಮೇಲೆ ಪ್ಯಾನೆಲ್ ಇಟ್ಕೊಂಡು ಮನೇಲಿ ಫ್ಯಾನ್ ಇಲ್ಲ. ಕರೆಂಟ್ ಹೋಗೋ ಊರಾದ್ರೆ ಬ್ಯಾಟರಿ ಇರೋ ಹೈಬ್ರಿಡ್ ಕೇಳಿ, ದುಡ್ಡು ಜಾಸ್ತಿ ಆಗುತ್ತೆ ಆದ್ರೂ.

ಗೊಬ್ಬರ ಗ್ಯಾಸ್ ಗುಂಡಿ ಮುಚ್ಬೇಡಿ ದಯವಿಟ್ಟು. ದನ ಎಷ್ಟಿವೆ? ಒಂದು ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. 50 ಕೆಜಿ ಸಗಣಿ ಇದ್ರೆ ನಾಲ್ಕೈದು ಜನರ ಅಡಿಗೆ ಆಗುತ್ತೆ. ಬರೀ ಮಲೆನಾಡು ಗಿಡ್ಡ ತಳಿಯ ಸಣ್ಣ ದನ ಆದ್ರೆ ಸಗಣಿ ಸಾಲಲ್ಲ, ಅಡಿಗೆ ಮನೆ ಕಸ, ಹಲಸಿನ ರೆಚ್ಚೆ ಎಲ್ಲ ಹಾಕಿ. ಮಳೆಗಾಲದ ಥಂಡಿಗೆ ಗ್ಯಾಸ್ ಕಡಿಮೆ ಬರುತ್ತೆ, ಬೆಚ್ಚಗಿದ್ರೇನೇ ಅದರೊಳಗಿನ ಜೀವಿಗಳು ಕೆಲ್ಸ ಮಾಡೋದು, ಹೆದರ್ಬೇಡಿ. ಗುಂಡಿಯಿಂದ ಹೊರಬರೋ ಸಗಣಿ ಸ್ಲರಿ ತೋಟಕ್ಕೆ ಬಿಟ್ರೆ ಅಡಿಕೆ ಮರಕ್ಕೆ ಅದಕ್ಕಿಂತ ಗೊಬ್ಬರ ಬೇಕಿಲ್ಲ.

ಸೌದೆ ಮಾತು ಯಾರೂ ಎತ್ತಿಲ್ಲ. ನಮ್ಮ ಬಚ್ಚಲೊಲೆ, ಅಡಿಕೆ ಬೇಯ್ಸೋ ಹಂಡೆ ಒಲೆ ಇವೆರಡಕ್ಕೆ ಹೋಗೋ ಸೌದೆ ಲೆಕ್ಕ ಹಾಕಿದ್ರೆ ನಾವೂ ಕಾಡು ತಿಂತಿದೀವಿ. ಬೆಂಗಳೂರಿನ ವಿಜ್ಞಾನ ಸಂಸ್ಥೇಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿದ್ರು, ಹಳ್ಳಿಗೆ ಬೇಕಾದ ವಿಜ್ಞಾನ ಅಂತ. ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ. ನಮ್ಮಮ್ಮ ಹಾಕ್ಸಿದ್ರು, ಹೊಗೆ ಚಿಮಣೀಲಿ ಹೋಯ್ತು, ಅವರ ಕೆಮ್ಮೂ ಹೋಯ್ತು. ದೊಡ್ಡ ಡ್ಯಾಂ ಬಗ್ಗೆ ಮಾತಾಡುವಾಗ ಅಡಿಗೆ ಮನೆ ಯಾರಿಗೂ ನೆನಪಾಗಲ್ಲ, ಅದಕ್ಕೆ ಬರೆದೆ.

---

ಹಿನ್ನೀರಿನಾಚೆ

ಎಲ್ರಿಗೂ ಮನಸಾರೆ ಧನ್ಯವಾದ. ಒಂದೊಂದನ್ನೂ ಎರಡೆರಡು ಸಲ ಓದಿದೀನಿ, ಅಪ್ಪಂಗೂ ಜೋರಾಗಿ ಓದಿ ಹೇಳಿದೆ. ಬಾಡಿಗೆ ಮಾತು ಬಂದಾಗ ಅಪ್ಪ ಕನ್ನಡಕ ತೆಗೆದು ಒರೆಸ್ಕೊಂಡ್ರು, ಇನ್ನೊಂದು ಸಲ ಓದು ಅಂದ್ರು.

ಚಿಕ್ಕಪ್ಪಂಗೆ ನಿನ್ನೆ ರಾತ್ರಿ ಫೋನ್ ಮಾಡಿದೆ. ಜಗಳ ಆಡ್ಲಿಲ್ಲ. ಶೇಖರಣೆ ಬೇಕು ಅನ್ನೋದು ಒಪ್ತೀನಿ ಚಿಕ್ಕಪ್ಪ, ಬರದ ವರ್ಷ ಅದು ಬೇಕಾಗುತ್ತೆ ಅನ್ನೋದೂ ಒಪ್ತೀನಿ, ಆದ್ರೆ ಎಲ್ಲದಕ್ಕೂ ಅದೇ ಕಣಿವೆ ಯಾಕೆ ಅಂತ ಕೇಳಿದೆ. ಪಿನ್ನಾಪುರಂ ಹೇಳಿದೆ, ಹಗಲು ಮಷೀನ್ ನಿಲ್ಸಿ ಸಂಜೆಗೆ ನೀರು ಇಟ್ಕೊಳ್ಳೋದು ಹೇಳಿದೆ, ಹಕ್ಕುಪತ್ರದ ಮಾತು ಹೇಳಿದೆ. ಅವ್ರು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ, ನಾನೂ ಆ ಮನೇಲಿ ಹುಟ್ಟಿದೋನೇ ಕಣೋ, ಮುಳುಗುವಾಗ ನಂಗೆ ನಾಲ್ಕು ವರ್ಷ, ಬೆಕ್ಕು ಅಲ್ಲೇ ಬಿಟ್ಟು ಬಂದ್ವಿ ಅಂತ ಅತ್ತಿದ್ದು ಬಿಟ್ರೆ ಬೇರೇನೂ ನೆನಪಿಲ್ಲ ಅಂದ್ರು. ಇದನ್ನ ಅವ್ರು ಯಾವತ್ತೂ ಹೇಳಿರ್ಲಿಲ್ಲ. ಒಪ್ಪಿದ್ರೋ ಇಲ್ವೋ ಗೊತ್ತಿಲ್ಲ, ಯುಗಾದಿಗೆ ಬರ್ತೀನಿ ಕೂತು ಮಾತಾಡೋಣ ಅಂದಿದಾರೆ.

ಹಳ್ಳದ ಮನೆ ಅಕ್ಕ, ಇವತ್ತು ಬೆಳಿಗ್ಗೆ ನಾನು ಅಪ್ಪ ಹಳ್ಳ ಅಳೆಯೋಕೆ ಹೋಗಿದ್ವಿ. ಅಪ್ಪಂಗೆ 70 ದಾಟಿದೆ, ಬೇಡ ಅಂದ್ರೂ ಲೆವೆಲ್ ಪೈಪಿನ ಇನ್ನೊಂದು ತುದಿ ಅವರೇ ಹಿಡಿದ್ರು. ಅರ್ಧ ನೀರು ಹಳ್ಳಕ್ಕೆ ಬಿಟ್ಟು ಉಳಿದಿದ್ದು ಬಕೆಟ್ ತುಂಬೋಕೆ ಐದು ಸೆಕೆಂಡ್, ಅಂದ್ರೆ 4 ಲೀಟರ್. ಎತ್ತರ 32 ಮೀಟರ್. ನಿಮ್ಮ ಲೆಕ್ಕದಲ್ಲಿ 600 ವ್ಯಾಟ್ ಚಿಲ್ಲರೆ ಬರುತ್ತೆ. ಇದು ಡಿಸೆಂಬರ್ ನೀರು, ಮಳೆಗಾಲದಲ್ಲಿ ಜಾಸ್ತಿ ಇರುತ್ತೆ. ದನ ಐದಿವೆ, ಎರಡು ಗಿಡ್ಡ, ಮೂರು ಜರ್ಸಿ. ಹಳ್ಳದಿಂದ ಮನೆ ಹಿಂದಿನವರೆಗೆ ಪೈಪ್ ಉದ್ದ 150 ಮೀಟರ್ ಆಗುತ್ತೆ. 63 ಎಂಎಂ ಪೈಪ್ ತೋಟದಲ್ಲಿ ಹಳೇದು ಬಿದ್ದಿದೆ, ಅದೇ ಸಾಕಾ?

---

ಹಳ್ಳದ ಮನೆ ತೀರ್ಥಳ್ಳಿ

63 ಬೇಡ ತಮ್ಮ. ಅಷ್ಟು ನೀರು ಸಣ್ಣ ಪೈಪಲ್ಲಿ ಉಜ್ಜಿಕೊಂಡು ಬಂದ್ರೆ 32 ಮೀಟರಲ್ಲಿ ಒಂಬತ್ತು ಹತ್ತು ಮೀಟರ್ ಎತ್ತರ ಪೈಪೇ ತಿಂದ್ಹಾಕುತ್ತೆ. 75 ಹಾಕಿ, ಮೂರ್ನಾಲ್ಕು ಮೀಟರಲ್ಲಿ ಮುಗಿಯುತ್ತೆ. ಮಳೆಗಾಲದ ನೀರಿಗೆ ಅಂತ ಯೋಚ್ನೆ ಮಾಡೋದಾದ್ರೆ 90 ಹಾಕಿದ್ರೂ ನಷ್ಟ ಇಲ್ಲ. ಹಳೇ 63 ಪೈಪು ಸ್ಲರಿ ತೋಟಕ್ಕೆ ಬಿಡೋಕೆ ಆಗುತ್ತೆ, ಎಸೀಬೇಡಿ.

ಪೈಪಿನ ಬಾಯಿಗೆ ಜಾಲರಿ ಕಟ್ಟಿ, ಸಣ್ಣ ಕಣ್ಣಿಂದು. ಮೊದಲ ಮಳೆಗೆ ಇಡೀ ಕಾಡಿನ ದರಕು ಹಳ್ಳದಲ್ಲೇ ಬರುತ್ತೆ, ಮೊದಲ ವಾರ ದಿನಕ್ಕೆ ಎರಡು ಸಲ ಹೋಗಿ ಎಲೆ ತೆಗೀಬೇಕು. ಅಪ್ಪನ್ನ ಒಬ್ರನ್ನೇ ಕಳಿಸ್ಬೇಡಿ, ಉಂಬಳ ಇರುತ್ತೆ, ಕಲ್ಲು ಜಾರುತ್ತೆ. ಐದು ದನಕ್ಕೆ ಗುಂಡಿ ಧಾರಾಳ ನಡೆಯುತ್ತೆ, ಮೊದ್ಲು ಹೂಳು ತೆಗೆದು ಬಿರುಕಿದೆಯಾ ನೋಡಿ. ಮುಚ್ಚಿಟ್ಟ ಗುಂಡಿಯೊಳಗೆ ವಿಷಗಾಳಿ ನಿಂತಿರುತ್ತೆ, ಬಾಯಿ ತೆಗೆದು ಕೆಲವು ದಿನ ಗಾಳಿಗೆ ಬಿಡಿ, ಆದ್ರೂ ಅನುಭವ ಇರೋ ಜನ ಕರೆಸದೆ ಯಾರನ್ನೂ ಒಳಗೆ ಇಳಿಸ್ಬೇಡಿ. ಇದನ್ನ ಮಾತ್ರ ಮರೀಬೇಡಿ.

ಯುಗಾದಿಗೆ ಚಿಕ್ಕಪ್ಪ ಬಂದಾಗ ಹಳ್ಳದ ಹತ್ರ ಕರ್ಕೊಂಡು ಹೋಗಿ. ಆಗ ನೀರು ಸಣ್ಣ ಇರುತ್ತೆ, ಆದ್ರೂ ಹರೀತಿರುತ್ತೆ.